ವಿಷಯದೊಳಗಿನ ವಿಷ

ಅಕ್ಷರಗಳಲ್ಲಿ ಎರಡು ಬಗೆ. ಹೇಳುವ ಅಕ್ಷರ ಮತ್ತು ಮಾಡುವ ಅಕ್ಷರ. ಕಥೆ, ಕವಿತೆ, ಕಾಗದ, ಅಂಗಡಿಯ ಚೀಟಿ ಇವೆಲ್ಲ ಹೇಳುವ ಅಕ್ಷರಗಳು. ಓದಿದರೆ ಅರ್ಥ ಕೊಡುತ್ತವೆ, ಓದದಿದ್ದರೆ ಸುಮ್ಮನೆ ಬಿದ್ದಿರುತ್ತವೆ. ಮಂತ್ರ ಹಾಗಲ್ಲ ಎನ್ನುತ್ತಾರೆ ನಂಬುವವರು. ಅದರ ಅರ್ಥ ತಿಳಿಯಲೇಬೇಕೆಂದಿಲ್ಲ, ಸರಿಯಾಗಿ ಉಚ್ಚರಿಸಿದರೆ ಸಾಕು, ಏನೋ ಆಗುತ್ತದೆ. ಮಂತ್ರದ ಮಾತು ನನಗೆ ತಿಳಿಯದು. ಆದರೆ ನೀವು ದಿನವೂ ಮೊಬೈಲಿನಲ್ಲಿ ಓದುವ ಪುಟಗಳ ಹಿಂದೆ ಅಂಥ ಅಕ್ಷರಗಳು ಇರುವುದು ಮಾತ್ರ ನಿಜ.

ಅಂತರ್ಜಾಲದ ಯಾವ ಪುಟವೇ ಆದರೂ ಮೂಲದಲ್ಲಿ ಒಂದು ಉದ್ದನೆಯ ಅಕ್ಷರಸಾಲು. ಅದರಲ್ಲಿ ಬರಹವಿರುತ್ತದೆ. ಬರಹದ ನಡುನಡುವೆ, ಎರಡು ಕೋನ ಚಿಹ್ನೆಗಳ ಒಳಗೆ, ‘ಇಲ್ಲಿಂದ ಪ್ಯಾರಾ ಶುರು’, ‘ಈ ಪದ ದಪ್ಪಗಿರಲಿ’, ‘ಇಲ್ಲೊಂದು ಚಿತ್ರ ಹಾಕು’ ಎಂಬ ಸೂಚನೆಗಳಿರುತ್ತವೆ. ಇವಕ್ಕೆ ಟ್ಯಾಗ್ ಎಂದು ಹೆಸರು. ಇವುಗಳ ನಡುವೆ ಸ್ಕ್ರಿಪ್ಟ್ ಎಂಬ ಟ್ಯಾಗ್ ಒಂದಿದೆ. ಅದರೊಳಗಿನದನ್ನು ಬ್ರೌಸರ್ ನಮಗೆ ತೋರಿಸುವುದಿಲ್ಲ; ತಾನೇ ಓದಿಕೊಂಡು, ಹೇಳಿದಂತೆ ಮಾಡುತ್ತದೆ. ಅದನ್ನು ಬರೆಯುವ ಭಾಷೆಯನ್ನು 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಕಟ್ಟಿದರು. ಮೊದಲು ಮೋಕಾ ಎಂದು ಕರೆದರು, ಆಮೇಲೆ ಲೈವ್‌ಸ್ಕ್ರಿಪ್ಟ್, ಕೊನೆಗೆ ಜಾವಾಸ್ಕ್ರಿಪ್ಟ್. ಮೋಕಾ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಅಕ್ಷರಗಳನ್ನು ಬರಹದಿಂದ ಬೇರ್ಪಡಿಸುವುದು ಎರಡು ವರ್ಷಗಳಿಂದ ನನ್ನ ಭಾನುವಾರದ ಕೆಲಸ. ಗೆಳೆಯರೊಬ್ಬರು ಈ ಶತಮಾನದ ಮೊದಲ ವರ್ಷಗಳಲ್ಲಿ ಅಂತರ್ಜಾಲದಲ್ಲಿ ಒಂದು ಪುಟ್ಟ ಕನ್ನಡ ಮಾಸಿಕ ನಡೆಸುತ್ತಿದ್ದರು. ಅದು ನಿಂತು ಬಹಳ ಕಾಲವಾಯಿತು. ಬರೆದವರಲ್ಲಿ ಕೆಲವರು ಈಗ ಇಲ್ಲ. ಅವರ ಬರಹ ಪುಸ್ತಕವಾಗಿಯೂ ಬಂದಿಲ್ಲ. ಉಳಿದಿರುವುದು ಒಂದು ಹಳೆಯ ಸಿ.ಡಿ.ಯಲ್ಲಿದ್ದ ಸುಮಾರು ಆರು ನೂರು ಕಡತಗಳು. ಅವನ್ನು ಹೊಸ ತಾಣಕ್ಕೆ ಏರಿಸಿ, ಕಾಲೇಜಿನ ಮಕ್ಕಳು ಓದುವಂತಾಗಬೇಕು ಎಂಬುದು ಗೆಳೆಯರ ಆಸೆ.

ಕಡತ ತೆರೆದರೆ ಆ ಕಾಲವೇ ಎದ್ದು ಬರುತ್ತದೆ. ‘ನೀವು ಈ ಪುಟದ 412ನೇ ಅತಿಥಿ’ ಎಂದು ಎಣಿಸುವ ಸ್ಕ್ರಿಪ್ಟ್, ಇಲಿಬಾಲದ ಹಿಂದೆ ನಕ್ಷತ್ರ ಉದುರಿಸುವ ಸ್ಕ್ರಿಪ್ಟ್, ಯುಗಾದಿಯ ಶುಭಾಶಯವನ್ನು ಪೆಟ್ಟಿಗೆಯಲ್ಲಿ ಎದ್ದು ನಿಲ್ಲಿಸುವ ಸ್ಕ್ರಿಪ್ಟ್. ಇವುಗಳ ನಡುವೆ ಎಲ್ಲೋ ಒಂದು ಪ್ರಬಂಧ.

ಇರಲಿ ಬಿಡಿ, ಹಳೆಯ ಕಾಲದ ಅಲಂಕಾರ, ಯಾಕೆ ತೆಗೆಯಬೇಕು ಎಂದು ಗೆಳೆಯರೇ ಒಮ್ಮೆ ಕೇಳಿದರು. ತೆಗೆಯಲೇಬೇಕಾದ ಕಾರಣವಿದೆ. ಆ ಎಣಿಕೆಯ ಸ್ಕ್ರಿಪ್ಟ್ ಇರುವುದು ಈ ಪುಟದಲ್ಲಲ್ಲ, ಬೇರೆ ಯಾರದೋ ವಿಳಾಸದಲ್ಲಿ. ಪುಟ ತೆರೆದಾಗಲೆಲ್ಲ ಬ್ರೌಸರ್ ಅಲ್ಲಿಗೆ ಹೋಗಿ, ಅಲ್ಲಿ ಕೊಟ್ಟದ್ದನ್ನು ತಂದು, ಕೇಳದೆ ಮಾಡುತ್ತದೆ. ಆ ವಿಳಾಸದ ಒಡೆಯ ಬದಲಾದರೆ? 2024ರಲ್ಲಿ ಆದದ್ದು ಅದೇ. ಪಾಲಿಫಿಲ್ ಡಾಟ್ ಐಒ ಎಂಬ ವಿಳಾಸದಿಂದ ಜಗತ್ತಿನ ಎಷ್ಟೋ ತಾಣಗಳು ಒಂದು ಉಪಯುಕ್ತ ಸ್ಕ್ರಿಪ್ಟನ್ನು ಎರವಲು ಪಡೆಯುತ್ತಿದ್ದವು. ವಿಳಾಸ ಬೇರೆ ಕಂಪನಿಯ ಕೈಗೆ ಹೋಯಿತು. ಜೂನ್ ತಿಂಗಳ ಹೊತ್ತಿಗೆ ಅಲ್ಲಿಂದ ಬರುತ್ತಿದ್ದುದರಲ್ಲಿ ಓದುಗರನ್ನು ಮೋಸದ ತಾಣಗಳಿಗೆ ಎಳೆದೊಯ್ಯುವ ಸಾಲುಗಳು ಸೇರಿರುವುದು ಬೆಳಕಿಗೆ ಬಂತು. ತೊಂದರೆಗೆ ಸಿಕ್ಕ ತಾಣಗಳು ಒಂದು ಲಕ್ಷಕ್ಕೂ ಹೆಚ್ಚು. ಆ ತಾಣಗಳ ಕಡೆಯವರು ಹೊಸದಾಗಿ ಏನನ್ನೂ ಮಾಡಿರಲಿಲ್ಲ. ಹಿಂದೆಂದೋ ಬರೆದ ಒಂದು ಸಾಲನ್ನು ಹಾಗೇ ಬಿಟ್ಟಿದ್ದರು, ಅಷ್ಟೇ.

ಹಾಗಾದರೆ ತೆಗೆಯುವುದು ಹೇಗೆ? ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದುಕೊಳ್ಳುತ್ತೇವೆ. ಸ್ಕ್ರಿಪ್ಟ್ ಎಂಬ ಪದ ಎಲ್ಲಿದೆ ಹುಡುಕು, ಅಲ್ಲಿಂದ ಅದು ಮುಗಿಯುವ ತನಕ ಅಳಿಸು. ಒಂದು ಸಾಲಿನ ಕೆಲಸ. ಕಷ್ಟವೇನೆಂದರೆ, ಅಕ್ಕಿಯೇ ಬೇರೆ, ಕಲ್ಲೇ ಬೇರೆ. ಇಲ್ಲಿ ಎರಡೂ ಅಕ್ಷರವೇ.

ಕನ್ನಡದಲ್ಲೇ ಒಂದು ಆಟ ಆಡಿ ನೋಡೋಣ. ‘ವಿಷ’ ಎಂಬ ಪದ ಕಂಡಲ್ಲೆಲ್ಲ ಅಳಿಸಬೇಕು ಎಂದು ಒಬ್ಬ ಕಾವಲುಗಾರನಿಗೆ ಹೇಳಿದ್ದೇವೆ ಅನ್ನಿ. ಅವನು ಪ್ರಾಮಾಣಿಕ, ಚುರುಕು, ಆದರೆ ಹೇಳಿದಷ್ಟೇ ಮಾಡುವವನು. ಅವನ ಕಣ್ಣು ತಪ್ಪಿಸಿ ‘ವಿಷ’ವನ್ನು ಒಳಗೆ ಸಾಗಿಸಬೇಕು. ನಾನು ‘ವಿವಿಷಷ’ ಎಂದು ಬರೆದು ಕೊಡುತ್ತೇನೆ. ಅವನು ಓದುತ್ತಾನೆ. ನಡುವೆ ‘ವಿಷ’ ಕಾಣುತ್ತದೆ. ಅಳಿಸುತ್ತಾನೆ. ಮೊದಲಿನ ‘ವಿ’ ಮತ್ತು ಕೊನೆಯ ‘ಷ’ ಉಳಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಏನಾಯಿತು? ಕಾವಲುಗಾರನೇ ತನ್ನ ಕೈಯಾರೆ ವಿಷ ತಯಾರಿಸಿ ಒಳಗೆ ಕಳಿಸಿದ. ಸ್ಕ್ರಿಪ್ಟ್ ಟ್ಯಾಗನ್ನು ಒಮ್ಮೆ ಹುಡುಕಿ ಅಳಿಸುವ ಸಾಧನಗಳನ್ನು ದಾಟಲು ಬಳಸುವ ಅತ್ಯಂತ ಹಳೆಯ ಉಪಾಯ ಇದೇ: ಒಂದು ಟ್ಯಾಗಿನ ಹೊಟ್ಟೆಯೊಳಗೆ ಇನ್ನೊಂದು ಟ್ಯಾಗ್.

ಅಳಿಸಲು ಏನೂ ಸಿಗದ ತನಕ ಅಳಿಸುತ್ತಲೇ ಇರು ಎಂದು ಅವನಿಗೆ ಹೇಳಬಹುದು. ಹೇಳಿದೆವು ಅನ್ನಿ. ಈಗ ಅವನ ಮುಂದೆ ಒಂದು ಮಾಮೂಲಿ ಲೇಖನ ಇಡಿ. ‘ವಿಷಯ’ ಎಂಬ ಪದ ಬರುತ್ತದೆ. ಬರೀ ‘ಯ’ ಉಳಿಯುತ್ತದೆ. ‘ವಿಷಾದ’ ಬಂದರೆ ಆಸರೆಯಿಲ್ಲದ ಒಂದು ದೀರ್ಘದ ಗುರುತು ಮತ್ತು ‘ದ’. ಕಂಪ್ಯೂಟರಿನ ಲೆಕ್ಕದಲ್ಲಿ ‘ವಿಷ್ಣು’ವಿನ ಒಳಗೂ ‘ವಿಷ’ವಿದೆ, ಹಾಗಾಗಿ ದೇವರೂ ಪಾರಾಗುವುದಿಲ್ಲ. ವಿಷ ತಡೆಯಲು ಹೊರಟವನು ವಿಷಯವನ್ನೇ ತಿಂದು ಹಾಕಿದ.

ಇದು ಬರೀ ಆಟವಲ್ಲ. ಯಾಹೂ ಮೇಲ್‌ನಲ್ಲಿ ನಡೆದದ್ದು ಇದೇ. ಕಾಗದದ ಜೊತೆ ಸ್ಕ್ರಿಪ್ಟ್ ಬಂದು ಓದುಗರಿಗೆ ತೊಂದರೆಯಾಗದಿರಲಿ ಎಂದು ಅವರು ಕೆಲವು ಅಪಾಯಕಾರಿ ಪದಗಳನ್ನು ಬೇರೆ ಪದಗಳಿಗೆ ಬದಲಿಸುವ ವ್ಯವಸ್ಥೆ ಮಾಡಿದ್ದರು. ಜಾವಾಸ್ಕ್ರಿಪ್ಟಿನಲ್ಲಿ ‘ಇವ್ಯಾಲ್’ ಎಂಬ ಆಜ್ಞೆಯಿದೆ. ಕೊಟ್ಟ ಅಕ್ಷರಸಾಲನ್ನು ಪ್ರೋಗ್ರಾಮ್ ಎಂದೇ ಓದಿ ನಡೆಸು ಎಂದು ಅದರ ಅರ್ಥ. ಆ ನಾಲ್ಕು ಅಕ್ಷರ ಬಂದಲ್ಲೆಲ್ಲ ‘ರಿವ್ಯೂ’ ಎಂದು ಬದಲಿಸಿದರು. ಮಧ್ಯಯುಗದ್ದು ಎಂಬರ್ಥದ ‘ಮಿಡೀವಲ್’ ಪದದ ಬಾಲದಲ್ಲಿ ಅದೇ ನಾಲ್ಕು ಅಕ್ಷರಗಳಿವೆ. ಚರಿತ್ರೆಯ ಮೇಷ್ಟ್ರು ‘ಮಿಡೀವಲ್’ ಎಂದು ಬರೆದು ಕಳಿಸಿದರೆ, ಓದುವವರಿಗೆ ತಲುಪುತ್ತಿದ್ದುದು ‘ಮೆಡಿರಿವ್ಯೂ’. ಜಾವಾಸ್ಕ್ರಿಪ್ಟಿನ ಹಳೆಯ ಹೆಸರು ಮೋಕಾ ಎಂದೆನಲ್ಲ, ಅದರ ಮೇಲೂ ಕಣ್ಣಿತ್ತು. ಕಾಗದದಲ್ಲಿ ‘ಮೋಕಾ’ ಕಾಫಿಯ ಮಾತು ಬಂದರೆ ಅದು ‘ಎಸ್‌ಪ್ರೆಸೊ’ ಆಗುತ್ತಿತ್ತು. ‘ಎಕ್ಸ್‌ಪ್ರೆಶನ್’ ಹೋಗಿ ‘ಸ್ಟೇಟ್‌ಮೆಂಟ್’ ಆಗುತ್ತಿತ್ತು. ಇದು ದೊಡ್ಡ ಸುದ್ದಿಯಾದದ್ದು 2002ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ‘ಮೆಡಿರಿವ್ಯೂ’ ಎಂಬ ಇಲ್ಲದ ಪದ, ಕಾಗದಗಳಿಂದ ನಕಲಾಗಿ, ಹಲವು ತಾಣಗಳ ಚರಿತ್ರೆಯ ಪುಟಗಳಲ್ಲಿ ಸೇರಿಬಿಟ್ಟಿತ್ತು. ಕಾಗದ ಬರೆದವರಿಗೂ ಗೊತ್ತಿಲ್ಲ, ಓದಿದವರಿಗೂ ಗೊತ್ತಿಲ್ಲ, ನಡುವೆ ಯಾರೋ ತಿದ್ದಿದ್ದಾರೆ ಎಂದು. ನನಗೆ ಈ ಕತೆಯಲ್ಲಿ ನಗು ಬರುವುದಕ್ಕಿಂತ ಹೆಚ್ಚಾಗಿ ಭಯವಾಗುವುದು ಅಲ್ಲೇ.

ಹೀಗೆ ಪದ ಬೇಟೆಯಾಡಿಯೂ ಅಪಾಯ ತಪ್ಪಿತೇ ಎಂದರೆ ಅದೂ ಇಲ್ಲ. 2005ರ ಅಕ್ಟೋಬರ್ 4ರಂದು ಅಮೆರಿಕದ ಮೈಸ್ಪೇಸ್ ತಾಣದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಪರಿಚಯದ ಪುಟವನ್ನು ಸಿಂಗರಿಸುವ ಅವಕಾಶವಿತ್ತು. ಸ್ಕ್ರಿಪ್ಟ್ ಟ್ಯಾಗಿಗೆ ಪ್ರವೇಶವಿರಲಿಲ್ಲ; ‘ಜಾವಾಸ್ಕ್ರಿಪ್ಟ್’ ಎಂಬ ಪದ ಎಲ್ಲಿ ಕಂಡರೂ ಅಳಿಸುತ್ತಿದ್ದರು. ಸ್ಯಾಮಿ ಕಾಮ್ಕರ್ ಎಂಬ ಹತ್ತೊಂಬತ್ತರ ಹುಡುಗ ಏನು ಮಾಡಿದ ಗೊತ್ತೇ? ‘ಜಾವಾ’ ಎಂದು ಬರೆದು, ಎಂಟರ್ ಒತ್ತಿ, ಮುಂದಿನ ಸಾಲಿನಲ್ಲಿ ‘ಸ್ಕ್ರಿಪ್ಟ್’ ಎಂದು ಬರೆದ. ಅದನ್ನು ಪುಟದ ಹಿನ್ನೆಲೆಯ ಬಣ್ಣ, ಚಿತ್ರ ಹೇಳುವ ಜಾಗದಲ್ಲಿ ಇಟ್ಟ. ತಾಣದ ಕಾವಲುಗಾರ ಎರಡು ಸಾಲುಗಳನ್ನು ಕಂಡ, ಅವನು ಹುಡುಕುತ್ತಿದ್ದ ಪದ ಎರಡರಲ್ಲೂ ಇರಲಿಲ್ಲ. ಆ ಕಾಲದ ಕೆಲವು ಬ್ರೌಸರ್‌ಗಳು ಮಾತ್ರ ಉದಾರ ಓದುಗರು. ನಡುವಿನ ಸಾಲುಮುರಿತವನ್ನು ಲೆಕ್ಕಕ್ಕಿಡದೆ ಎರಡನ್ನೂ ಸೇರಿಸಿ ಓದಿಕೊಂಡವು.

ಮುಂದೆ ಆದದ್ದು ಈಗ ಪಾಠವಾಗಿದೆ. ಅವನ ಪುಟ ನೋಡಿದವರೆಲ್ಲ ತಮಗರಿವಿಲ್ಲದೆ ಅವನ ಗೆಳೆಯರಾದರು. ಸ್ಯಾಮಿಯೇ ನನ್ನ ಹೀರೊ ಎಂಬರ್ಥದ ಸಾಲು ಅವರ ಪುಟದಲ್ಲಿ ಸೇರಿತು. ಸ್ಕ್ರಿಪ್ಟ್ ತನ್ನನ್ನೇ ಅವರ ಪುಟಕ್ಕೂ ನಕಲು ಮಾಡಿಕೊಂಡಿತು. ಸುಮಾರು ಇಪ್ಪತ್ತು ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ. ಕೊನೆಗೆ ಮೈಸ್ಪೇಸ್ ಕೆಲಹೊತ್ತು ಬಾಗಿಲು ಹಾಕಬೇಕಾಯಿತು. ಹುಡುಗ ಕೋರ್ಟಿಗೂ ಹೋದ. 2007ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷ ನಿಗಾದಲ್ಲಿರಬೇಕಾಯಿತು.

ಈ ಕತೆ ನನಗೆ ಕಲಿಸಿದ್ದು ಒಂದು ಮಾತು. ಒಂದು ಪುಟಕ್ಕೆ ಇಬ್ಬರು ಓದುಗರಿರುತ್ತಾರೆ: ಮೊದಲು ಕಾವಲುಗಾರ, ಆಮೇಲೆ ಬ್ರೌಸರ್. ಅವರಿಬ್ಬರೂ ಒಂದೇ ಅಕ್ಷರಸಾಲನ್ನು ಬೇರೆಬೇರೆಯಾಗಿ ಓದಿದ ಜಾಗದಲ್ಲೇ ಅನಾಹುತ. ಸಾಹಿತ್ಯದಲ್ಲಿ ಒಂದೇ ಪಠ್ಯವನ್ನು ಇಬ್ಬರು ಎರಡು ರೀತಿ ಓದಿದರೆ ನಾವು ಅದನ್ನು ಸಮೃದ್ಧಿ ಎನ್ನುತ್ತೇವೆ. ಇಲ್ಲಿ ಅದೇ ಬಿರುಕು.

ಬಿರುಕು ಒಂದೇ ದಿಕ್ಕಿನಲ್ಲಿರುವುದಿಲ್ಲ. ಅಪಾಯವಿರುವಲ್ಲಿ ಕಾವಲುಗಾರನಿಗೆ ಏನೂ ಕಾಣದಿರುವುದು ಸ್ಯಾಮಿಯ ಕತೆ. ಏನೂ ಇಲ್ಲದ ಕಡೆ ಅವನಿಗೆ ಅಪಾಯ ಕಾಣುವುದು ನಮ್ಮ ಮೇಷ್ಟ್ರ ಕತೆ.

ಗೆಳೆಯರ ಮಾಸಿಕಕ್ಕೆ ಮಲೆನಾಡಿನ ಕಡೆಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆಯುತ್ತಿದ್ದರು. ಅವರ ಒಂದು ಪ್ರಬಂಧ ಮೊದಲ ನೌಕರಿಯ ಬಗ್ಗೆ. ಕಡತದಲ್ಲಿ ಅದು ‘ಆ ವರ್ಷಗಳಲ್ಲಿ ನನ್ನ ಸಂಬಳ’ ಎಂಬಲ್ಲಿಗೆ ಮುಗಿಯುತ್ತದೆ. ಪೂರ್ಣವಿರಾಮವೂ ಇಲ್ಲ. ಇದನ್ನು ಓದಿದ ಕೆಲವರಿಗೆ ಹೊಸಬಗೆಯ ಮುಕ್ತಾಯ ಎನಿಸಿರಲೂಬಹುದು. ಆದರೆ ಮೇಷ್ಟ್ರು ಅಂಥವರಲ್ಲ. ಅವರ ಉಳಿದೆಲ್ಲ ಬರಹಗಳು ಉತ್ತರ ಬರೆದು ಕೆಳಗೆ ಗೆರೆ ಎಳೆದ ಲೆಕ್ಕದ ಹಾಗೆ ಮುಗಿಯುತ್ತವೆ. ಗೆಳೆಯರು ಅವರ ಮನೆಯವರನ್ನು ಹುಡುಕಿದರು. ಮಗ, ಅಪ್ಪನ ಕೈಬರಹದ ಹಾಳೆಗಳ ಫೋಟೊ ಕಳಿಸಿದರು. ಅದರಲ್ಲಿದ್ದ ವಾಕ್ಯ ಹೀಗೆ: ‘ಆ ವರ್ಷಗಳಲ್ಲಿ ನನ್ನ ಸಂಬಳ’, ಅದರ ಪಕ್ಕಕ್ಕೇ ಗಣಿತದ ‘ಚಿಕ್ಕದು’ ಚಿಹ್ನೆ, ಅದಕ್ಕೆ ಅಂಟಿಕೊಂಡು ‘ನನ್ನ ಖರ್ಚು’. ಗಣಿತದ ಮೇಷ್ಟ್ರ ತಮಾಷೆ.

ಆ ‘ಚಿಕ್ಕದು’ ಚಿಹ್ನೆಯೂ ಟ್ಯಾಗ್ ಶುರುವಾಗುವ ಕೋನ ಚಿಹ್ನೆಯೂ ಒಂದೇ. ಹಿಂದೊಮ್ಮೆ ತಾಣವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದಾಗ ಯಾರೋ ಟ್ಯಾಗ್ ಅಳಿಸುವ ಸಾಧನ ಓಡಿಸಿದ್ದಾರೆ. ಅದು ಕೋನ ಚಿಹ್ನೆ ಕಂಡಿದೆ, ಟ್ಯಾಗ್ ಶುರುವಾಯಿತು ಎಂದುಕೊಂಡಿದೆ, ಮುಗಿಯುವ ಚಿಹ್ನೆಗಾಗಿ ಕಾಯುತ್ತ ಕೊನೆಯ ತನಕ ಎಲ್ಲವನ್ನೂ ಅಳಿಸಿಕೊಂಡು ಹೋಗಿದೆ. ತಮಾಷೆಯೆಂದರೆ ಬ್ರೌಸರ್‌ಗೆ ಇಲ್ಲಿ ಗೊಂದಲವೇ ಇರಲಿಲ್ಲ. ಟ್ಯಾಗಿನ ಹೆಸರು ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗಬೇಕು ಎಂಬ ನಿಯಮ ಅದಕ್ಕೆ ಗೊತ್ತು. ಚಿಹ್ನೆಯ ಪಕ್ಕದಲ್ಲಿ ‘ನ’ ಕಂಡಿದ್ದರೆ, ಇದು ಟ್ಯಾಗ್ ಅಲ್ಲ ಎಂದು ಇದ್ದ ಹಾಗೇ ತೋರಿಸುತ್ತಿತ್ತು. ಓದಬೇಕಾದವನು ಸರಿಯಾಗಿ ಓದುತ್ತಿದ್ದ. ಅವನ ಕೈಗೆ ತಲುಪುವ ಮೊದಲೇ ಹಾಳೆ ಹರಿದಿತ್ತು.

ಹೋದದ್ದು ಒಂದೂವರೆ ಪುಟ. ಆ ಪುಟಗಳಲ್ಲಿ, ಶಾಲೆ ಬಿಡಿಸಿದ್ದ ಹುಡುಗಿಯೊಬ್ಬಳಿಗೆ ಅವರು ಸಂಜೆ ಹೊತ್ತು ಜಗಲಿಯಲ್ಲಿ ಲೆಕ್ಕ ಹೇಳಿಕೊಟ್ಟದ್ದಿತ್ತು. ಅವಳಪ್ಪ ಫೀಸಿನ ಬದಲು ಹಲಸಿನ ಹಣ್ಣು ತಂದಿಡುತ್ತಿದ್ದನಂತೆ. ಪ್ರಬಂಧ ಬರೆದದ್ದೇ ಆ ಹುಡುಗಿಗಾಗಿ. ಎಷ್ಟೋ ವರ್ಷ ಓದುಗರಿಗೆ ಸಿಕ್ಕದ್ದು ಸಂಬಳದ ತಮಾಷೆಯ ಮೊದಲರ್ಧ ಮಾತ್ರ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಸಾಧನ ಓಡಿಸಿದವರು ತೊಳೆದ ಪ್ರತಿಯನ್ನು ಉಳಿಸಿಕೊಂಡು ಮೂಲವನ್ನು ಬಿಸಾಡಿದ್ದರು. ಮಗನ ಮನೆಯ ಟ್ರಂಕಿನಲ್ಲಿ ಹಾಳೆಗಳು ಇಲ್ಲದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಸರಿಯಾದ ದಾರಿ ಯಾವುದು? ಈ ಕೆಲಸದಲ್ಲಿ ಪಳಗಿದವರು ಎರಡು ಮಾತು ಹೇಳುತ್ತಾರೆ, ಎರಡೂ ಭಾಷೆಯ ವಿದ್ಯಾರ್ಥಿಗಳಿಗೆ ಪರಿಚಯದವೇ.

ಮೊದಲನೆಯದು: ಪದ ಬೇಟೆಯಾಡಬೇಡ, ವಾಕ್ಯ ಓದು. ಇಡೀ ಸಾಲನ್ನು ಬ್ರೌಸರ್ ಓದುವ ಹಾಗೇ ಓದಿ, ಯಾವುದು ಟ್ಯಾಗ್, ಯಾವುದು ಬರಹ, ಯಾವುದು ಯಾವುದರ ಒಳಗಿದೆ ಎಂದು ಮರದ ಹಾಗೆ ಬಿಡಿಸಿಕೊಳ್ಳಬೇಕು. ಆಮೇಲೆ, ಏನನ್ನು ತೆಗೆಯಲಿ ಎಂದು ಕೇಳದೆ, ಏನನ್ನು ಇಟ್ಟುಕೊಳ್ಳಲಿ ಎಂದು ಕೇಳಬೇಕು. ಪ್ಯಾರಾ ಇರಲಿ, ದಪ್ಪ ಅಕ್ಷರ ಇರಲಿ, ಚಿತ್ರ ಇರಲಿ. ಪಟ್ಟಿಯಲ್ಲಿಲ್ಲದ್ದು ಹೊರಗೇ. ಯಾಕೆಂದರೆ ಸ್ಕ್ರಿಪ್ಟ್ ಬರಲು ಸ್ಕ್ರಿಪ್ಟ್ ಟ್ಯಾಗೇ ಬೇಕಿಲ್ಲ. ‘ಈ ಚಿತ್ರ ಹಾಕು, ಸಿಗದಿದ್ದರೆ ಹೀಗೆ ಮಾಡು’ ಎಂದು ಚಿತ್ರದ ಟ್ಯಾಗಿನೊಳಗೇ ಆಜ್ಞೆ ಅಡಗಿಸಿ, ಬೇಕೆಂದೇ ಇಲ್ಲದ ಚಿತ್ರದ ಹೆಸರು ಕೊಡಬಹುದು. ಕೆಟ್ಟದ್ದರ ಪಟ್ಟಿಗೆ ಕೊನೆಯಿಲ್ಲ, ಒಳ್ಳೆಯದರ ಪಟ್ಟಿಗೆ ಇದೆ. ಡಾಮ್‌ಪ್ಯೂರಿಫೈನಂಥ ಹೆಸರುವಾಸಿ ಸಾಧನಗಳು ಕೆಲಸ ಮಾಡುವುದು ಹೀಗೆಯೇ. ಬ್ರೌಸರಿನಿಂದಲೇ ಓದಿಸಿ, ಅದು ಕಟ್ಟಿದ ಮರವನ್ನು ನೋಡುತ್ತವೆ.

ಎರಡನೆಯದು ನನಗೆ ಇನ್ನೂ ಇಷ್ಟ. ಬರಹವನ್ನು ಬರಹವಾಗಿಯೇ ತೋರಿಸಬೇಕಾದಲ್ಲಿ ಏನನ್ನೂ ಅಳಿಸುವ ಅಗತ್ಯವಿಲ್ಲ. ಕೋನ ಚಿಹ್ನೆಯ ಬದಲು ಅದರ ಹೆಸರನ್ನು ಬರೆದರೆ ಸಾಕು. ಬ್ರೌಸರ್ ಆ ಹೆಸರನ್ನು ಓದಿ ಚಿಹ್ನೆಯನ್ನು ತೋರಿಸುತ್ತದೆ, ಆದರೆ ಟ್ಯಾಗ್ ಎಂದು ಭಾವಿಸುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಚೆಂದದ ಜೋಡಿಯಿದೆ. ‘ಬಾಗಿಲು ತೆಗೆ’ ಎಂದರೆ ಆಜ್ಞೆ. ‘ಬಾಗಿಲು ತೆಗೆ ಅಂದ’ ಎಂದರೆ ಸುದ್ದಿ, ಯಾರೂ ಏಳಬೇಕಿಲ್ಲ. ‘ಅಂದ’ ಎಂಬ ಎರಡಕ್ಷರ ಸೇರಿದ್ದೇ ತಡ, ಮಾಡುವ ಮಾತು ಹೇಳುವ ಮಾತಾಯಿತು. ಒಂದು ಅಕ್ಷರವೂ ಕಳೆಯಲಿಲ್ಲ. ಮೇಷ್ಟ್ರ ಚಿಹ್ನೆಗೆ ಬೇಕಿದ್ದುದು ಇಷ್ಟೇ, ಒಂದು ‘ಅಂದ’.

ನಮ್ಮ ಭಾಷೆಗೆ ಇನ್ನೊಂದು ತಾಪತ್ರಯವಿದೆ. ಇಟ್ಟುಕೊಳ್ಳುವ ಪಟ್ಟಿ ಮಾಡುವವರಿಗೆ ಕನ್ನಡ ಗೊತ್ತಿರುವುದಿಲ್ಲ. ಪದವನ್ನು ಒಡೆದು ಕಾವಲುಗಾರನ ಕಣ್ಣು ತಪ್ಪಿಸಲು ಕಾಣದ ಅಕ್ಷರಗಳನ್ನು ನಡುವೆ ತುರುಕುವುದುಂಟು. ಹಾಗಾಗಿ ಕೆಲವು ಸಾಧನಗಳು ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುತ್ತವೆ. ಆದರೆ ಕನ್ನಡಕ್ಕೆ ಒಂದು ಕಾಣದ ಅಕ್ಷರ ಬೇಕೇ ಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದ ಮೇಲೆ ಅಗಲವಿಲ್ಲದ ಒಂದು ಯೂನಿಕೋಡ್ ಗುರುತಿರುತ್ತದೆ. ಮುಂದಿನದನ್ನು ಒತ್ತಾಗಿ ಸೇರಿಸಬೇಡ ಎಂದು ಹೇಳುವುದೇ ಅದರ ಕೆಲಸ. ಅದನ್ನು ಕಿತ್ತರೆ ‘ರಾಜ್ಕುಮಾರ್’ ಉಳಿಯುತ್ತದೆ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಇಂಗ್ಲಿಷಿಗೆ ಅದು ಕಸ, ನಮಗೆ ಕಾಗುಣಿತ.

ಹಳೆಯ ಕಡತಗಳಲ್ಲಿ ಇದಕ್ಕಿಂತ ವಿಚಿತ್ರವಿದೆ. ಯೂನಿಕೋಡ್ ಬರುವ ಮೊದಲು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. ನುಡಿ ಲಿಪಿಯಲ್ಲಿ ಉಳಿಸಿದ ‘ಕನ್ನಡ’ ಎಂಬ ಪದದ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷಿನ ಪಿ, ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡಿನ ಗುರುತು ಇತ್ಯಾದಿ. ಅದು ಕನ್ನಡವಾಗಿ ಕಾಣುವುದು ಪಕ್ಕದ ಫಾಂಟ್ ಟ್ಯಾಗಿನ ಕೃಪೆಯಿಂದ. ಇಂದಿನ ಕೆಲವು ಪಟ್ಟಿಗಳಲ್ಲಿ ಫಾಂಟ್ ಟ್ಯಾಗಿಗೆ ಜಾಗವಿಲ್ಲ, ಅದು ಹಳೆಯ ಕಾಲದ ಪದ್ಧತಿ. ಹಾಗೆಂದು ಅದನ್ನು ತೆಗೆದರೆ ಒಂದು ಅಕ್ಷರವೂ ಅಳಿಯದೆ ಇಡೀ ಕಥೆ ಅಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲು ಯೂನಿಕೋಡಿಗೆ ಪರಿವರ್ತನೆ, ಆಮೇಲೆ ತೊಳೆಯುವುದು. ಕ್ರಮ ಬದಲಾಗುವಂತಿಲ್ಲ.

ಇಷ್ಟಾದರೂ ತೊಳೆದದ್ದು ಶಾಶ್ವತವಾಗಿ ಸ್ವಚ್ಛ ಎನ್ನುವಂತಿಲ್ಲ. ಸ್ವಚ್ಛವೆಂದು ಪಾಸಾದ ಸಾಲನ್ನು ಬ್ರೌಸರ್ ಮತ್ತೊಮ್ಮೆ ಓದುವಾಗ ತನಗೆ ತಿಳಿದಂತೆ ತಿದ್ದಿಕೊಂಡು, ಆ ತಿದ್ದುಪಡಿಯಲ್ಲೇ ಸ್ಕ್ರಿಪ್ಟ್ ಜೀವ ತಳೆಯುವ ಸಾಧ್ಯತೆಯನ್ನು ಸಂಶೋಧಕರು 2013ರಲ್ಲಿ ವಿವರವಾಗಿ ತೋರಿಸಿದರು. ಬ್ರೌಸರ್ ಬದಲಾಗುತ್ತದೆ, ಓದು ಬದಲಾಗುತ್ತದೆ. ಹಾಗಾಗಿ ಮೂಲವನ್ನು ಮುಟ್ಟದೆ ಒಂದೆಡೆ ಇಟ್ಟು, ತೋರಿಸುವ ಹೊತ್ತಿಗೆ ಆ ಕಾಲಕ್ಕೆ ತಕ್ಕಂತೆ ತೊಳೆಯುವುದೇ ಕ್ಷೇಮ. ಆರು ನೂರು ಕಡತಗಳ ಮೂಲ ಪ್ರತಿ ಮೂರು ಕಡೆ ಇದೆ. ಪ್ರತಿ ಕಡತದ ಜೊತೆ, ಏನೇನು ತೆಗೆದೆವು ಎಂಬ ಪುಟ್ಟ ಪಟ್ಟಿಯೂ ಇದೆ. ಮುಂದೆ ಯಾರಾದರೂ ಬಂದು, ಆ ಉದುರುವ ನಕ್ಷತ್ರಗಳನ್ನು ಯಾಕೆ ತೆಗೆದಿರಿ ಎಂದು ಜಗಳ ತೆಗೆದರೆ ಜಗಳಕ್ಕೆ ಆಧಾರವಾದರೂ ಇರಲಿ.

ನಿಮ್ಮಲ್ಲಿ ಹಲವರು ಹಳೆಯ ಬರಹ ಉಳಿಸುವ ಇಂಥ ಕೆಲಸಕ್ಕೆ ಇಂದಲ್ಲ ನಾಳೆ ಕೂರುತ್ತೀರಿ. ಸಾಧನಗಳು ನನ್ನ ಕಾಲಕ್ಕಿಂತ ಚೆನ್ನಾಗಿರುತ್ತವೆ. ತೊಳೆಯುವುದನ್ನು ಅವಕ್ಕೇ ಬಿಡಿ. ಮುಗಿದ ಮೇಲೆ ಒಂದು ಕೆಲಸ ಮಾತ್ರ ನೀವೇ ಮಾಡಿ. ಪ್ರತಿ ಬರಹದ ಕೊನೆಯ ಸಾಲನ್ನು ಓದಿ, ಬರೆದವರು ಅಲ್ಲಿಗೇ ನಿಲ್ಲಿಸಿರಬಹುದೇ ಎಂದು ನೋಡಿ.